ಕಲ್ಲಿನಲ್ಲಿ ನೀರಿನ ಹೆಜ್ಜೆ ಕಂಡವರು

ಅನ್ಯಗ್ರಹಗಳಲ್ಲಿ ನೀರುಂಟೇ, ಜೀವಿಗಳು ಬಾಳಬಹುದಾದ ನೆಲೆಯುಂಟೇ ಎಂಬ ಪ್ರಶ್ನೆ ಮನುಷ್ಯನನ್ನು ಬಹುಕಾಲದಿಂದ ಕಾಡುತ್ತಿದೆ. ಇದಕ್ಕೆ ಉತ್ತರವನ್ನು ದೂರದರ್ಶಕದ ಕೊಳವೆಯಲ್ಲಿ ಅರಸಬೇಕೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ 2012ರಲ್ಲಿ ಮಂಗಳಗ್ರಹದ ಗೇಲ್ ಎಂಬ ಕುಳಿಯಲ್ಲಿ ಇಳಿದ ಕ್ಯೂರಿಯಾಸಿಟಿ ಎಂಬ ಯಂತ್ರವಾಹನವು ಮೊದಲ ಕೆಲವು ವಾರಗಳಲ್ಲಿಯೇ ಕಳುಹಿಸಿದ ದೊಡ್ಡ ಸುದ್ದಿ ಒಂದು ಕಲ್ಲಿನ ಸುದ್ದಿ. ಅಲ್ಲಿನ ಒಂದು ಹಾಸುಗಲ್ಲಿನಲ್ಲಿ ಅಂಚು ಸವೆದು ಉರುಟಾದ ಸಣ್ಣ ಕಲ್ಲುಗಳು ಒಂದಕ್ಕೊಂದು ಬೆಸೆದುಕೊಂಡಿದ್ದುವು. ಗಾಳಿ ಹೊತ್ತೊಯ್ಯಲಾರದಷ್ಟು ದಪ್ಪನಾದ ಕಲ್ಲುಗಳೂ ಅವುಗಳಲ್ಲಿದ್ದುವು. ಆದುದರಿಂದ ಅವನ್ನು ಉರುಳಿಸಿ ನಯಗೊಳಿಸಿದುದು ಹರಿಯುವ ನೀರಲ್ಲದೆ ಬೇರೆಯಲ್ಲ ಎಂದು ವಿಜ್ಞಾನಿಗಳು ನಿರ್ಣಯಿಸಿದರು. ಪಾದದ ಗಂಟಿನಿಂದ ಸೊಂಟದವರೆಗೆ ಆಳವಿದ್ದ ಒಂದು ತೊರೆ ಅಲ್ಲಿ ಒಮ್ಮೆ ಹರಿದಿತ್ತೆಂದು ಆ ಕಲ್ಲು ಸಾಕ್ಷಿ ಹೇಳಿತು.

ಹೊಳೆನರಸೀಪುರದ ಬಳಿ ಹೇಮಾವತಿಯ ದಡದಲ್ಲಿಯೋ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ಬಂಡೆಗಳ ನಡುವೆಯೋ ಬೇಸಗೆಯಲ್ಲಿ ನಡೆದಾಡಿದವರಿಗೆ ಇಂಥ ಉರುಟುಗಲ್ಲು ಹೊಸದಲ್ಲ. ಅದನ್ನು ನೋಡಿದೊಡನೆ ಇದು ಹೊಳೆಯ ಕೆಲಸವೆಂದು ಹಳ್ಳಿಯ ಮಗುವೂ ಹೇಳೀತು. ಆದರೆ ಅಂಥ ಕಲ್ಲು ಹೊಳೆಯಿಂದ ದೂರ, ಬೆಟ್ಟದ ನೆತ್ತಿಯಲ್ಲಿ, ಬಂಡೆಯ ಹೊಟ್ಟೆಯೊಳಗೆ ಹುದುಗಿದ್ದರೆ ಅದು ಯಾರ ಕೆಲಸ? ಕನ್ನಡ ನಾಡಿನ ಅತಿ ಪ್ರಾಚೀನ ಶಿಲೆಗಳ ಮುಂದೆ ನಿಂತು ಈ ಪ್ರಶ್ನೆಯನ್ನು ಕ್ರಮವಾಗಿ ಕೇಳಿದವರಲ್ಲಿ ಮೊದಲಿಗರೆಂದು ರಾಬರ್ಟ್ ಬ್ರೂಸ್ ಫೂಟರನ್ನು ಹೇಳಬೇಕು. ಭಾರತದ ಪ್ರಾಗಿತಿಹಾಸದ ಪಿತಾಮಹರೆಂದು ಅವರು ಪ್ರಸಿದ್ಧರು. ಆ ಪ್ರಸಿದ್ಧಿಯ ನೆರಳಿನಲ್ಲಿ ಅವರ ಇನ್ನೊಂದು ಕಾರ್ಯ ಸಾಮಾನ್ಯ ಓದುಗರ ಕಣ್ಣಿಗೆ ಅಷ್ಟಾಗಿ ಬಿದ್ದಿಲ್ಲ.

ಫೂಟರು ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಎಂಬ ಊರಿನಲ್ಲಿ 1834ರ ಸೆಪ್ಟೆಂಬರ್ 22ರಂದು ಜನಿಸಿದರು. ಭಾರತದ ಭೂವಿಜ್ಞಾನ ಸರ್ವೇಕ್ಷಣ ಇಲಾಖೆ 1851ರಲ್ಲಿ ಸ್ಥಾಪಿತವಾಗಿ ಇನ್ನೂ ಎಳೆಯದಾಗಿದ್ದ ಕಾಲದಲ್ಲಿ, 1858ರಲ್ಲಿ, ಇಪ್ಪತ್ತನಾಲ್ಕು ವರ್ಷದ ತರುಣರಾಗಿ ಅವರು ಆ ಇಲಾಖೆಯನ್ನು ಸೇರಿದರು. ಮದರಾಸು ಪ್ರಾಂತ ಅವರ ಪಾಲಿಗೆ ಬಂದಿತು. ಮದರಾಸಿನಲ್ಲಿದ್ದ ತಮಿಳು ವಿದ್ವಾಂಸ ಪೀಟರ್ ಪರ್ಸಿವಲ್ ಪಾದ್ರಿಗಳ ಮಗಳನ್ನು ಅವರು ವಿವಾಹವಾದರು. ಅಂದಿನಿಂದ ಕಡೆಯವರೆಗೂ ದಕ್ಷಿಣ ಭಾರತವೇ ಅವರ ಕರ್ಮಭೂಮಿಯಾಯಿತು. ಬಾಳಿನ ಸಂಜೆಯನ್ನು ಕಳೆಯಲು ಕೂಡ ಅವರು ಹುಟ್ಟಿದೂರಿಗೆ ಮರಳಲಿಲ್ಲ.

ಅವರಿಗೆ ಕೀರ್ತಿ ತಂದ ಘಟನೆ ನಡೆದುದು 1863ರ ಮೇ 30ರಂದು. ಮದರಾಸಿನ ಸಮೀಪದ ಪಲ್ಲಾವರದಲ್ಲಿ, ಸೈನಿಕರ ಕವಾಯತು ಮೈದಾನದ ಬಳಿ, ಜಂಬಿಟ್ಟಿಗೆಯ ಗರಸು ತೆಗೆದ ಒಂದು ಗುಂಡಿಯಲ್ಲಿ ಅವರ ಕಣ್ಣಿಗೆ ಒಂದು ಕಲ್ಲು ಬಿದ್ದಿತು. ಅದರ ಮೈಯ ಚಕ್ಕೆಗಳು ಕ್ರಮವಾಗಿ ಎದ್ದಿದ್ದುವು. ಅಂಚು ಎರಡು ಕಡೆಯಿಂದಲೂ ಹರಿತಗೊಂಡಿದ್ದಿತು. ಇದು ಉರುಳಿ ಒಡೆದ ಕಲ್ಲಲ್ಲ, ಮನುಷ್ಯನ ಕೈ ಬೇಕೆಂದೇ ಒಡೆದು ರೂಪಿಸಿದ ಕೈಗೊಡಲಿ ಎಂದು ಅವರು ಕಂಡುಕೊಂಡರು. ಯೂರೋಪಿನಲ್ಲಿ ಫ್ರಾನ್ಸ್ ದೇಶದ ನದೀಗರಸಿನಲ್ಲಿ ದೊರೆತ ಇಂಥ ಕಲ್ಲುಗಳು ನಿಜವಾಗಿಯೂ ಮಾನವನಿರ್ಮಿತವೆಂದು ವಿದ್ವಾಂಸರು ಒಪ್ಪಿ ಆಗಿನ್ನೂ ನಾಲ್ಕೇ ವರ್ಷಗಳಾಗಿದ್ದುವು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಹೋದ್ಯೋಗಿ ವಿಲಿಯಂ ಕಿಂಗರೊಡನೆ ಅತ್ತಿರಂಪಾಕ್ಕಂ ಎಂಬಲ್ಲಿ ಅವರು ಇಂಥ ಉಪಕರಣಗಳನ್ನು ನೆಲದ ಪದರದೊಳಗೇ ಕಂಡರು. ಭಾರತದ ಮಾನವನ ಚರಿತ್ರೆ ವೇದಕಾಲದಿಂದಲೂ ಎಷ್ಟೋ ಹಿಂದಕ್ಕೆ ಒಮ್ಮೆಗೇ ಜಾರಿತು.

ಈ ಶೋಧದಲ್ಲಿ ಫೂಟರ ಮನೋಧರ್ಮವನ್ನು ಗಮನಿಸಬೇಕು. ಒಂದು ಕಲ್ಲನ್ನು ಕೈಗೆತ್ತಿಕೊಂಡಾಗ ಇದಕ್ಕೆ ಈ ಆಕಾರ ಕೊಟ್ಟವರು ಯಾರು ಎಂಬುದೇ ಅವರ ಮೊದಲ ಪ್ರಶ್ನೆ. ಬಿಸಿಲೋ, ನೀರೋ, ಬೆಂಕಿಯೋ, ಮನುಷ್ಯನೋ? ಒಂದೊಂದು ಕರ್ತೃವೂ ಕಲ್ಲಿನ ಮೇಲೆ ತನ್ನದೇ ಆದ ರುಜುವನ್ನು ಬಿಟ್ಟುಹೋಗುತ್ತಾನೆ. ಒಬ್ಬನ ರುಜುವನ್ನು ಇನ್ನೊಬ್ಬನದೆಂದು ಭ್ರಮಿಸದಿರುವುದೇ ಭೂವಿಜ್ಞಾನಿಯ ಶಿಕ್ಷಣ. ಬಳ್ಳಾರಿ ಸೀಮೆಯ ಬೂದಿದಿಬ್ಬಗಳನ್ನು ಕಂಡಾಗಲೂ ಅವರು ಇದೇ ಪ್ರಶ್ನೆಯನ್ನು ಕೇಳಿದರು. ಅವನ್ನು ನವಶಿಲಾಯುಗದ ಜನರ ದನಗಳ ಸಗಣಿಗೆ ಸಂಬಂಧಿಸಿದವೆಂದು ತಿಳಿದರು. ಇಪ್ಪತ್ತನೆಯ ಶತಮಾನದ ಉತ್ಖನನಗಳು ಆ ಊಹೆಯನ್ನು ಸಮರ್ಥಿಸಿದುವು.

ಇಲಾಖೆ ಅವರನ್ನು ಕೃಷ್ಣಾ, ಮಲಪ್ರಭಾ, ಘಟಪ್ರಭಾ ನದಿಗಳ ಸೀಮೆಗೆ ಕಳುಹಿಸಿತು. ದಕ್ಷಿಣ ಮರಾಠಾ ಸೀಮೆಯೆಂದು ಆಗ ಕರೆಯುತ್ತಿದ್ದ ಆ ಪ್ರದೇಶ ವಾಸ್ತವವಾಗಿ ನಮ್ಮ ಬೆಳಗಾವಿ, ಬಿಜಾಪುರ, ಧಾರವಾಡಗಳ ಕನ್ನಡ ನೆಲ. ಅದರ ಭೂರಚನೆಯನ್ನು ಕುರಿತ ಅವರ ಗ್ರಂಥ 1876ರಲ್ಲಿ ಪ್ರಕಟವಾಯಿತು. ಕಲಾದಗಿಯ ಸುತ್ತಿನ ಮರಳುಗಲ್ಲು, ಸುಣ್ಣಗಲ್ಲುಗಳ ಶ್ರೇಣಿಗೆ ಆ ಊರಿನ ಹೆಸರನ್ನೇ ಅವರು ಇಟ್ಟರು. ಅಲ್ಲಿ ಮರಳು ನೀರಿನಲ್ಲಿ ಪದರಪದರವಾಗಿ ಕೂತು ಕಲ್ಲಾದುದು ಯಾರಿಗೂ ಕಾಣುವಷ್ಟು ಸ್ಪಷ್ಟ. ಇಂಥ ಶಿಲೆಗಳನ್ನು ಜಲಜಶಿಲೆಗಳೆಂದು ಕರೆಯುತ್ತಾರೆ. ಇದಕ್ಕಿಂತ ಕಠಿನವಾದ ಪಾಠ ಮುಂದೆ ಅವರಿಗಾಗಿ ಕಾದಿದ್ದಿತು.

ದಕ್ಷಿಣ ಭಾರತದ ತಳಹದಿ ಬಹುಮಟ್ಟಿಗೆ ನೈಸ್ ಎಂಬ ಬಿಳಿ ಬೂದು ಪಟ್ಟೆಗಳ ಗಡುಸು ಶಿಲೆ. ಆ ಹಾಸಿನ ನಡುವೆ ಅಲ್ಲಲ್ಲಿ ಉತ್ತರ ದಕ್ಷಿಣವಾಗಿ ಉದ್ದುದ್ದನೆಯ ಕಪ್ಪು ಹಸುರು ಶಿಲೆಗಳ ಪಟ್ಟಿಗಳು ಹಾಯ್ದುಹೋಗಿವೆ. ಮೊದಲಿನವರು ಎರಡನ್ನೂ ಒಂದೇ ಎಂದು ಸೇರಿಸಿಬಿಟ್ಟಿದ್ದರು. ಫೂಟರು 1880ರ ದಶಕದಲ್ಲಿ ಬಳ್ಳಾರಿ, ಅನಂತಪುರ, ಮೈಸೂರು ಸೀಮೆಗಳಲ್ಲಿ ಸಂಚರಿಸಿ ಈ ಪಟ್ಟಿಗಳು ಬೇರೆಯೇ ಆದ ಒಂದು ಶಿಲಾವ್ಯೂಹವೆಂದು ತೋರಿಸಿದರು. ಅದಕ್ಕೆ ಧಾರವಾಡದ ಹೆಸರನ್ನು ಕೊಟ್ಟರು. ಜಗತ್ತಿನ ಭೂವಿಜ್ಞಾನ ಗ್ರಂಥಗಳಲ್ಲಿ ಕನ್ನಡದ ಒಂದು ಊರಿನ ಹೆಸರು ಹೀಗೆ ಶಾಶ್ವತವಾಗಿ ನಿಂತಿತು. ಡಂಬಳದಿಂದ ಚಿಕ್ಕನಾಯಕನಹಳ್ಳಿಯವರೆಗೆ ಸಾಗುವ ಪಟ್ಟಿ, ಸೊಂಡೂರಿನ ಪಟ್ಟಿ, ಕೋಲಾರದ ಪಟ್ಟಿ ಎಂದು ಅವರು ಒಂದೊಂದನ್ನೂ ಗುರುತಿಸಿದರು. ನೈಸ್ ಶಿಲೆಯ ಹಳೆಯ ನೆಲದ ಮೇಲೆ ಧಾರವಾಡ ಶಿಲೆಗಳು ಹಾಸಿಕೊಂಡಿದ್ದುವೆಂದೂ, ಅನಂತರ ಭೂಮಿಯ ಒತ್ತಡಕ್ಕೆ ಸಿಕ್ಕಿ ಮಡಿಚಿಕೊಂಡು ಪಟ್ಟಿಗಳಾಗಿ ಉಳಿದುವೆಂದೂ ಅವರು ಭಾವಿಸಿದರು.

ಸರ್ಕಾರಗಳಿಗೆ ಈ ಪಟ್ಟಿಗಳಲ್ಲಿ ಆಸಕ್ತಿ ಹುಟ್ಟಿದುದು ಚಿನ್ನದ ಕಾರಣದಿಂದ. ಕೋಲಾರದ ಗಣಿಗಳು ಏಳಿಗೆಗೆ ಬರುತ್ತಿದ್ದ ಕಾಲ ಅದು. ಫೂಟರ ಪ್ರಬಂಧವೂ ಧಾರವಾಡ ವ್ಯೂಹವನ್ನು ಚಿನ್ನದ ಮುಖ್ಯ ನೆಲೆಯೆಂದೇ ಪರಿಚಯಿಸಿತು. ಆದರೆ ಚಿನ್ನವನ್ನು ಅರಸುತ್ತ ಹೋದವರು ಅದೇ ಬಂಡೆಗಳಲ್ಲಿ ನೀರನ್ನೂ ಓದಿದರು. ಬೆಣಚುಗಲ್ಲಿನಲ್ಲಿ ಹಳೆಯ ಮರಳನ್ನು ಕಂಡರು. ನುಣುಪಾದ ಪದರುಗಲ್ಲಿನಲ್ಲಿ ಹಳೆಯ ಕೆಸರನ್ನು ಕಂಡರು. ಉರುಟುಗಲ್ಲುಗಳು ಬೆಸೆದು ನಿಂತ ಕಾಂಗ್ಲಾಮರೇಟ್ ಶಿಲೆಯಲ್ಲಿ ಹೊಳೆಯ ಪಾತ್ರವನ್ನೋ ಕಡಲ ದಡವನ್ನೋ ಕಂಡರು. ಇವುಗಳ ನಡುನಡುವೆ ಜ್ವಾಲಾಮುಖಿಯ ಲಾವಾರಸ ಹರಿದು ಹೆಪ್ಪುಗಟ್ಟಿರುವುದನ್ನೂ ಅವರು ಮರೆಯಲಿಲ್ಲ. ಬೆಂಕಿಯೂ ನೀರೂ ಸೇರಿ ಕಟ್ಟಿದ ಶಿಲಾವ್ಯೂಹ ಇದು ಎಂಬುದು ಅವರ ತೀರ್ಮಾನ.

ಸರ್ವೇಕ್ಷಣ ಇಲಾಖೆಯಿಂದ 1891ರಲ್ಲಿ ನಿವೃತ್ತರಾದ ಮೇಲೆ ಬರೋಡಾ ಸಂಸ್ಥಾನ ಅವರ ಸೇವೆಯನ್ನು ಬಯಸಿತು. ಬಳಿಕ ಮೈಸೂರು ಸಂಸ್ಥಾನ 1894ರಲ್ಲಿ ತನ್ನದೇ ಆದ ಭೂವಿಜ್ಞಾನ ಇಲಾಖೆಯನ್ನು ತೆರೆದಾಗ ಅರುವತ್ತು ವರ್ಷದ ಫೂಟರೇ ಅದರ ಮೊದಲ ಮುಖ್ಯರಾದರು. ಕಾಕತಾಳೀಯವೆಂಬಂತೆ ಅದೇ ವರ್ಷ ಅಮೆರಿಕದ ಅರಿಜೋನದಲ್ಲಿ ಪರ್ಸಿವಲ್ ಲೋವೆಲ್ ಎಂಬ ಶ್ರೀಮಂತ ಪಂಡಿತ ಮಂಗಳಗ್ರಹವನ್ನು ನೋಡುವುದಕ್ಕೆಂದೇ ಒಂದು ವೀಕ್ಷಣಾಲಯವನ್ನು ಕಟ್ಟಿದ. ದೂರದರ್ಶಕದಲ್ಲಿ ತನಗೆ ಕಂಡ ಗೆರೆಗಳು ನಾಲೆಗಳೆಂದೂ, ಬತ್ತುತ್ತಿರುವ ಗ್ರಹದ ಬುದ್ಧಿವಂತ ಜೀವಿಗಳು ಧ್ರುವಗಳ ಹಿಮದಿಂದ ನೀರನ್ನು ಹೊಲಗಳಿಗೆ ಹಾಯಿಸಿಕೊಳ್ಳುತ್ತಿರುವರೆಂದೂ ಆತ ಲೋಕವನ್ನು ನಂಬಿಸಲು ಯತ್ನಿಸಿದ. ಕೆರೆ ಕಾಲುವೆಗಳ ಬೆಲೆಯನ್ನರಿತ ನಮ್ಮಂಥವರ ಮನಸ್ಸಿಗೆ ಹಿಡಿಸುವ ಕಥೆಯೇ ಅದು. ಆದರೆ 1965ರಲ್ಲಿ ಮ್ಯಾರಿನರ್ 4 ಎಂಬ ನೌಕೆ ಮಂಗಳನ ಹತ್ತಿರ ಹಾಯ್ದು ತೆಗೆದ ಚಿತ್ರಗಳಲ್ಲಿ ಕುಳಿಗಳಿದ್ದುವು, ನಾಲೆಗಳಿರಲಿಲ್ಲ. ಕಣ್ಣು ಬಯಸಿದುದನ್ನು ಕಂಡಿದ್ದಿತು, ಅಷ್ಟೆ. ಅನ್ಯಗ್ರಹಗಳ ಮಾತು ಫೂಟರ ಕೆಲಸದ ವ್ಯಾಪ್ತಿಗೆ ಬರುವಂಥದಲ್ಲ. ಆದರೂ ಕಟ್ಟಕಡೆಗೆ ಮಂಗಳನ ಹಳೆಯ ನೀರನ್ನು ತೋರಿಸಿಕೊಟ್ಟುದು ಲೋವೆಲನ ದಾರಿಯಲ್ಲ, ಅವರು ನಡೆದ ದಾರಿ.

ಮೈಸೂರಿನ ಕೆಲಸ ಮುಗಿದ ಮೇಲೆ ಅವರು ಸೇಲಂ ಬಳಿಯ ಏರ್ಕಾಡಿನ ಬೆಟ್ಟದಲ್ಲಿ ನೆಲಸಿದರು. ನಾಲ್ವತ್ತು ವರ್ಷ ಸಂಗ್ರಹಿಸಿದ ಶಿಲಾಯುಧಗಳನ್ನೂ ಮಡಕೆಯ ಚೂರುಗಳನ್ನೂ 1904ರಲ್ಲಿ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಮಾರಿದರು. ಅನಂತರ ಅವುಗಳ ವಿವರಪಟ್ಟಿಯನ್ನು ಸಿದ್ಧಪಡಿಸುವುದರಲ್ಲಿ ತೊಡಗಿದರು. 1912ರ ಡಿಸೆಂಬರ್ 29ರಂದು, ಎಪ್ಪತ್ತೆಂಟರ ವಯಸ್ಸಿನಲ್ಲಿ, ಕಲ್ಕತ್ತೆಯಲ್ಲಿ ಅವರು ತೀರಿಕೊಂಡರು. ಏರ್ಕಾಡಿನ ಇಗರ್ಜಿಯಲ್ಲಿ ಅವರ ಸ್ಮಾರಕವಿದೆ. ವಿವರಪಟ್ಟಿಯ ಎರಡು ಸಂಪುಟಗಳು 1914 ಮತ್ತು 1916ರಲ್ಲಿ ಹೊರಬಂದುವು.

ಮಹಾಪುರುಷರ ಚರಿತ್ರೆ ಅವರ ಮರಣದೊಡನೆ ಮುಗಿಯುವುದಿಲ್ಲ. ಫೂಟರ ತೀರ್ಮಾನಕ್ಕೆ ಅಗ್ನಿಪರೀಕ್ಷೆ ಒದಗಿದುದು ಅವರು ಹೋದ ಮೇಲೆ. ಮೈಸೂರು ಇಲಾಖೆಯ ಮುಖ್ಯರಾಗಿದ್ದ ಡಬ್ಲ್ಯು. ಎಫ್. ಸ್ಮೀತರು 1916ರಲ್ಲಿ ಪ್ರಕಟಿಸಿದ ಮೈಸೂರಿನ ಭೂಚರಿತ್ರೆಯಲ್ಲಿ ಧಾರವಾಡ ಶಿಲೆಗಳು ಮೂಲತಃ ಅಗ್ನಿಶಿಲೆಗಳೆಂದೇ ಪ್ರತಿಪಾದಿಸಿದರು. ಉರುಟುಗಲ್ಲುಗಳು ಹೊಳೆಯಲ್ಲಿ ಸವೆದುವಲ್ಲ, ಭೂಮಿಯ ಒಳಗಿನ ಅರೆತಕ್ಕೆ ಸಿಕ್ಕಿ ಪುಡಿಯಾಗಿ ದುಂಡಗಾದವು ಎಂದರು. ನೈಸ್ ಶಿಲೆ ಧಾರವಾಡಕ್ಕಿಂತ ಹಳೆಯದಲ್ಲ, ಅದರೊಳಕ್ಕೆ ಆಮೇಲೆ ನುಗ್ಗಿದ್ದು ಎಂದರು. ಸ್ಮೀತರು ಸಾಮಾನ್ಯ ವಿದ್ವಾಂಸರಲ್ಲ; ಅವರ ವಾದ ಹುರುಳಿಲ್ಲದ್ದೂ ಅಲ್ಲ. ಕೋಟ್ಯಂತರ ವರ್ಷಗಳ ಶಾಖ ಮತ್ತು ಒತ್ತಡ ಈ ಶಿಲೆಗಳ ಮೂಲರೂಪವನ್ನು ಬಹಳಷ್ಟು ಅಳಿಸಿಹಾಕಿದೆ. ಅರೆದುಹೋದ ಬಂಡೆಯಲ್ಲಿ ಉರುಟುಗಲ್ಲಿನ ಹಾಗೆ ಕಾಣುವ ಚೂರುಗಳು ಇರುವುದೂ ನಿಜ. ಆದರೆ ಈ ವಾದ ನಿಂತರೆ ಕನ್ನಡ ನಾಡಿನ ಆದಿಚರಿತ್ರೆಯಿಂದ ನೀರೇ ಮಾಯವಾಗುತ್ತಿತ್ತು.

ಉತ್ತರ ಬಂದುದು ಮತ್ತೆ ಬೆಟ್ಟಗಳನ್ನು ತುಳಿದವರಿಂದ. ಅದೇ ಇಲಾಖೆಯ ಬಿ. ರಾಮರಾಯರು ಮೊದಲಾದ ನಮ್ಮವರು ಬೆಣಚುಗಲ್ಲಿನ ಹಾಸುಗಳ ಮೇಲೆ ಅಲೆಯ ಗೀರುಗಳನ್ನು ಕಂಡರು. ಹರಿವಿನ ದಿಕ್ಕನ್ನು ಸೂಚಿಸುವ ಓರೆಪದರಗಳನ್ನು ಕಂಡರು. ಕೆರೆಯ ಅಂಚಿನ ಮರಳಿನಲ್ಲಿ ನೀರು ಬರೆಯುವ ಗೀರು ಅದು; ಬೆಂಕಿಯಿಂದ ಹುಟ್ಟಿದ ಕಲ್ಲಿನಲ್ಲಿ ಅದು ಮೂಡಲಾರದು. ಮೈಸೂರಿನ ಆದಿಶಿಲೆಗಳನ್ನು ಕುರಿತ ರಾಮರಾಯರ ಗ್ರಂಥ 1940ರಲ್ಲಿ ಬಂದಿತು. ಜಲಜಶಿಲೆಗಳಿಗೆ ಮರಳಿ ಸ್ಥಾನ ದೊರೆಯಿತು. ಕಾಲುಶತಮಾನದ ವಿವಾದವನ್ನು ತೀರಿಸಿದುದು ಕೂಡ ಕಲ್ಲಿನ ಮೇಲಿನ ರುಜುವೇ.

ಮುಂದಿನ ಸಂಶೋಧನೆ ಫೂಟರ ಚಿತ್ರವನ್ನು ತಿದ್ದಿಯೂ ಇದೆ, ಬೆಳೆಸಿಯೂ ಇದೆ. ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಟ್ಟಿದಂತೆ ಕಾಣುವ ಲಾವಾಶಿಲೆಯಿದೆ. ಲಾವಾರಸ ನೀರಿನೊಳಗೆ ಉಕ್ಕಿದಾಗ ಮಾತ್ರ ಆ ಆಕಾರ ಬರುತ್ತದೆ. ಬಾಬಾಬುಡನ್ ಬೆಟ್ಟಗಳ ತಳದ ಉರುಟುಗಲ್ಲಿನ ಶಿಲೆಯಲ್ಲಿ ಗಂಧಕಯುಕ್ತ ಕಬ್ಬಿಣದ ಕಾಳುಗಳು ತುಕ್ಕು ಹಿಡಿಯದೆ ಉಳಿದಿವೆ. ಆ ಕಾಲದ ಗಾಳಿಯಲ್ಲಿ ಆಮ್ಲಜನಕ ಇದ್ದಿಲ್ಲದಂತಿತ್ತೆಂದು ಅವು ಹೇಳುತ್ತವೆ. ಸೊಂಡೂರು, ಚಿತ್ರದುರ್ಗ ಸೀಮೆಗಳ ಸುಣ್ಣಶಿಲೆಯಲ್ಲಿ ಸೂಕ್ಷ್ಮಜೀವಿಗಳ ಚಾಪೆಗಳು ಒಂದರ ಮೇಲೊಂದು ಬೆಳೆದ ಗುರುತುಗಳಿವೆ. ನೀರಿತ್ತು, ಉಸಿರಾಡುವ ಗಾಳಿಯಿರಲಿಲ್ಲ, ಆದರೂ ಜೀವವಿತ್ತು. ಅನ್ಯಗ್ರಹಗಳಲ್ಲಿ ಜೀವಾನುಕೂಲ ಸ್ಥಿತಿಯನ್ನು ಅರಸುವವರು ನೆನಪಿನಲ್ಲಿಡಬೇಕಾದ ಪಾಠ ಇದು.

ಫೂಟರು ಒಂದೇ ವ್ಯೂಹವೆಂದು ತಿಳಿದಿದ್ದುದರಲ್ಲಿ ಎರಡು ಕಾಲದ ಶಿಲೆಗಳಿವೆ ಎಂಬುದೂ ಆಮೇಲೆ ಗೊತ್ತಾಯಿತು. ಹೆಚ್ಚು ಹಳೆಯ ಪಟ್ಟಿಗಳಲ್ಲಿ ಎರಡು ನಮ್ಮ ಹಾಸನ ಜಿಲ್ಲೆಯವು: ಒಂದು ಹೊಳೆನರಸೀಪುರದ್ದು, ಇನ್ನೊಂದು ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯದು. ಇವುಗಳ ವಯಸ್ಸು ಮುನ್ನೂರು ಕೋಟಿ ವರ್ಷಗಳಿಗೂ ಮೀರಿದ್ದು. ಹೇಮಾವತಿಯ ದಡದ ಗೊರೂರಿನ ನೈಸ್ ಶಿಲೆಗೆ ಸುಮಾರು 330 ಕೋಟಿ ವರ್ಷಗಳಾಗಿವೆ. ಭೂಮಿಯ ಒಟ್ಟು ವಯಸ್ಸೇ ಸುಮಾರು 454 ಕೋಟಿ ವರ್ಷ. ಹೊಳೆನರಸೀಪುರದ ಪಟ್ಟಿಯಲ್ಲಿ ಒಮ್ಮೆ ಜೇಡಿಯಾಗಿದ್ದು ಬೆಂದು ಬದಲಾದ ಪದರುಗಲ್ಲುಗಳಿವೆ, ಮರಳಾಗಿದ್ದ ಬೆಣಚುಗಲ್ಲುಗಳಿವೆ. ಇಂದು ಭೂಮಿಯ ಮೇಲೆಲ್ಲಿಯೂ ಕಾಣದಷ್ಟು ಬಿಸಿಯಾಗಿ ಹರಿದಿದ್ದ ಲಾವಾದ ಶಿಲೆಗಳೂ ಅದರ ಮಗ್ಗುಲಲ್ಲಿಯೇ ಇವೆ. ನುಗ್ಗೇಹಳ್ಳಿಯ ಪಟ್ಟಿ ಬೈರಾಪುರದ ಕ್ರೋಮೈಟ್ ಗಣಿಯಿಂದ ಹೆಸರಾಗಿದೆ.

ಇಲ್ಲಿ ಬಳಪದ ಕಲ್ಲಿನ ವಿಷಯವನ್ನು ಹೇಳದೆ ಬಿಡುವಂತಿಲ್ಲ. 1246ರ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯವೂ, ಬೇಲೂರು ಹಳೇಬೀಡುಗಳ ಶಿಲ್ಪಗಳೂ ಅರಳಿದುದು ಈ ಜಾತಿಯ ಮೃದುಶಿಲೆಯಲ್ಲಿ. ಭೂಗರ್ಭದಿಂದ ಬಂದ ಕಪ್ಪು ಗಡುಸು ಶಿಲೆಯ ಮೇಲೆ ನೀರು ವರ್ತಿಸಿದಾಗ ಸರ್ಪೆಂಟೈನ್, ಟಾಲ್ಕ್ ಮೊದಲಾದ ಮೆತುಖನಿಜಗಳು ಹುಟ್ಟುತ್ತವೆ. ಸರ್ಪೆಂಟೈನಿನ ತೂಕದಲ್ಲಿ ನೂರಕ್ಕೆ ಸುಮಾರು ಹದಿಮೂರು ಪಾಲು, ಟಾಲ್ಕಿನಲ್ಲಿ ಸುಮಾರು ಐದು ಪಾಲು ನೀರಿನ ಅಂಶವೇ ಅಡಗಿದೆ. ಉಳಿಯ ಮುಂದೆ ಕಲ್ಲು ಬೆಣ್ಣೆಯಂತೆ ಬಾಗಿದುದರ ಗುಟ್ಟು ಇದು. ಶಿಲಾಬಾಲಿಕೆಯ ಮೈಯಲ್ಲಿ ಪುರಾತನ ಜಲವಿದೆ ಎಂದರೆ ಅದು ಕವಿಯ ಉತ್ಪ್ರೇಕ್ಷೆಯಲ್ಲ. ಮಂಗಳನನ್ನು ಸುತ್ತುವ ನೌಕೆಗಳು ಅಲ್ಲಿ ಜೇಡಿಯ ಖನಿಜಗಳನ್ನೂ ಸರ್ಪೆಂಟೈನನ್ನೂ ಪತ್ತೆಮಾಡಿವೆ. ಈ ಖನಿಜ ಹುಟ್ಟುವಾಗ ಜಲಜನಕ ಬಿಡುಗಡೆಯಾಗುತ್ತದೆ; ಕತ್ತಲಲ್ಲಿ ಬಾಳುವ ಕೆಲವು ಸೂಕ್ಷ್ಮಜೀವಿಗಳಿಗೆ ಅದೇ ಆಹಾರ. ಶನಿಯ ಉಪಗ್ರಹ ಎನ್ಸೆಲಡಸ್ ಚಿಮ್ಮಿಸುವ ನೀರಾವಿಯಲ್ಲಿ ಜಲಜನಕವಿದೆಯೆಂದು 2017ರಲ್ಲಿ ತಿಳಿದಾಗ ವಿಜ್ಞಾನಿಗಳು ಹಿಗ್ಗಿದುದು ಈ ಕಾರಣದಿಂದ. ನಮ್ಮ ಚಂದ್ರಯಾನದ ಉಪಕರಣವೊಂದು ಚಂದ್ರನ ನೆಲದಲ್ಲಿ ನೀರಿನ ಅಂಶವನ್ನು ಗುರುತಿಸಿದ ಸುದ್ದಿ ಬಂದುದು 2009ರಲ್ಲಿ. ಅಲ್ಲಿ ಕೂಡ ನೀರು ಸಿಕ್ಕಿದುದು ಕಲ್ಲಿಗೂ ಮಣ್ಣಿಗೂ ಅಂಟಿಕೊಂಡು.

ಫೂಟರ ಜೀವನದಿಂದ ಈ ಅನ್ವೇಷಣೆ ಕಲಿಯಬೇಕಾದುದು ತಾಳ್ಮೆ. ಕೈಯಿಂದ ಮುಟ್ಟಿ, ಸುತ್ತಿಗೆಯಿಂದ ಒಡೆದು, ಬೇಕಾದಾಗ ಮತ್ತೆ ಹೋಗಿ ನೋಡಬಹುದಾದ ಮೈಸೂರಿನ ಬಂಡೆಗಳ ಬಗೆಗೇ ಬಲ್ಲವರು ನೀರೇ ಬೆಂಕಿಯೇ ಎಂದು ದಶಕಗಳ ಕಾಲ ವಾದಿಸಿದರು. ಅತಿ ಸಮೀಪ ಬಂದಾಗಲೂ ಸುಮಾರು ಐದೂವರೆ ಕೋಟಿ ಕಿಲೋಮೀಟರ್ ದೂರದಲ್ಲಿರುವ ಮಂಗಳನ ಕಲ್ಲಿನ ಬಗೆಗೆ ಅವಸರದ ತೀರ್ಪು ಸಲ್ಲದು. ಯಂತ್ರವಾಹನ ಒಂದು ಉರುಟುಗಲ್ಲನ್ನು ಕಂಡಾಗ ನೀರೋ ಗಾಳಿಯೋ ಎಂದು ತೂಗಿನೋಡುವವರು ಪಲ್ಲಾವರದ ಗುಂಡಿಯ ಬಳಿ ನಿಂತ ತರುಣನ ಪ್ರಶ್ನೆಯನ್ನೇ ಕೇಳುತ್ತಿದ್ದಾರೆ.

ಹಾಸನದ ಸಾಲಗಾಮೆ ರಸ್ತೆಯಲ್ಲಿ ಉಪಗ್ರಹಗಳ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಇದೆ. ಅದರ ದೊಡ್ಡ ಬಟ್ಟಲುಗಳು ಆಕಾಶಕ್ಕೆ ಮುಖಮಾಡಿ ನಿಂತಿರುವುದನ್ನು ನಮ್ಮ ಮಕ್ಕಳು ಹೆಮ್ಮೆಯಿಂದ ನೋಡುತ್ತಾರೆ, ನೋಡಬೇಕಾದುದೇ. ಅದೇ ಜಿಲ್ಲೆಯ ನೆಲದಲ್ಲಿ ಭೂಮಿಯ ಬಾಲ್ಯದ ನೀರಿನ ದಾಖಲೆ ಬಿದ್ದಿರುವುದನ್ನು ತೋರಿಸುವವರು ಕಡಮೆ. ಕರ್ನಾಟಕದಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆಂದು ಗುರುತಿಸಲಾದ ನಾಲ್ಕು ತಾಣಗಳಿವೆ: ಲಾಲ್‌ಬಾಗಿನ ಬಂಡೆ, ಮರಡಿಹಳ್ಳಿ, ಕೋಲಾರ ಚಿನ್ನದ ಗಣಿ ಪ್ರದೇಶ, ಉಡುಪಿಯ ಬಳಿಯ ಸೇಂಟ್ ಮೇರೀಸ್ ದ್ವೀಪ. ಹೊಳೆನರಸೀಪುರ, ನುಗ್ಗೇಹಳ್ಳಿ, ಗೊರೂರುಗಳ ಹೆಸರು ಆ ಪಟ್ಟಿಯಲ್ಲಿಲ್ಲ. ರಸ್ತೆಗೆ ಜಲ್ಲಿ ಬೇಕು, ಮನೆಗೆ ಚಪ್ಪಡಿ ಬೇಕು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಯಾವ ಬಂಡೆ ಜಲ್ಲಿಗೆ ಹೋಗಬಹುದು, ಯಾವುದು ಹೋಗಬಾರದು ಎಂದು ಹೇಳಬಲ್ಲವರು ಊರಿಗೊಬ್ಬರಾದರೂ ಬೇಕು. ಶಾಲೆಯ ಉಪಾಧ್ಯಾಯರು ವರ್ಷಕ್ಕೊಮ್ಮೆ ವಿದ್ಯಾರ್ಥಿಗಳನ್ನು ಈ ಬಂಡೆಗಳ ಬಳಿಗೆ ಕರೆದೊಯ್ದರೆ ಆ ಕೆಲಸಕ್ಕೆ ಆರಂಭ ದೊರೆತಂತೆ.

ಮದರಾಸಿನ ವಸ್ತುಸಂಗ್ರಹಾಲಯಕ್ಕೆ ಹೋದ ತಮ್ಮ ಕಲ್ಲುಗಳು ಯಾವ ಊರಿನ ಯಾವ ನೆಲೆಯಲ್ಲಿ ದೊರೆತುವೆಂಬುದನ್ನು ಫೂಟರು ವಿವರಪಟ್ಟಿಯಲ್ಲಿ ಊರೂರಾಗಿ ಕಾಣಿಸಿದ್ದಾರೆ. ತಾನಿದ್ದ ಜಾಗದಿಂದ ಕಿತ್ತುಬಂದು ಗುರುತು ಕಳೆದುಕೊಂಡ ಕಲ್ಲು ಸಾಕ್ಷಿ ಹೇಳಲಾರದು ಎಂಬುದನ್ನು ಅವರು ಬಲ್ಲವರಾಗಿದ್ದರು.